ಉಣ್ಣೆಯೊಳಗಿನ ಹಸಿರು ಗಂಟು

ತಾಯಿಕುರಿ ಸುರುಳಿ ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಮರಿಯನ್ನು ಗುದ್ದಿತು. ಮರಿ ಉರುಳಿ ಬಿದ್ದು, ಎದ್ದು, ಮತ್ತೆ ಕೆಚ್ಚಲಿನ ಕಡೆಗೇ ನಡೆಯಿತು. ಸುರುಳಿ ಮತ್ತೆ ಗುದ್ದಿತು.

"ಇದಕ್ಕೇನು ಬಂತು ಇವತ್ತು," ಎಂದಳು ಕಾಳಜ್ಜಿ. ಕುರಿಯ ಕತ್ತನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಮರಿಯನ್ನು ಕೆಚ್ಚಲಿಗೆ ಹಚ್ಚಿದಳು. "ಬರಗಿ, ಪೊರಕೆ ಬಿಟ್ಟು ಬಾ ಇಲ್ಲಿ. ಹಿಂದ್ಲ ಕಾಲು ಹಿಡ್ಕ."

ಬರಗಿ ಪೊರಕೆಯನ್ನು ಬೇಲಿಗೆ ಒರಗಿಸಿ ಓಡಿಬಂದಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳು ಬರಗೇರಮ್ಮ, ಐದನೇ ಕ್ಲಾಸು. ಮನೆಯಲ್ಲಿ ಬರೀ ಬರಗಿ. ದಿನವೂ ಬೆಳಿಗ್ಗೆ ಕುರಿ ಕೂಡುವ ರೊಪ್ಪದ ಹಿಕ್ಕೆ ಗುಡಿಸಿಯೇ ಅವಳು ಶಾಲೆಗೆ ಹೋಗಬೇಕು. ಅವಳು ಗುಡಿಸುವ ಹೊತ್ತಿಗೆ ಅಜ್ಜಿ ಮರಿಗಳಿಗೆ ಹಾಲು ಕುಡಿಸುತ್ತಿದ್ದಳು. ತಾಯಿಕುರಿಗಳು ಮೇಯಲು ಹೋದರೆ ಬರುವುದು ಸಂಜೆಗೇ. ಅಲ್ಲಿಯವರೆಗೆ ಮರಿಗಳು ಗೂಡಿನಲ್ಲೇ ಇರಬೇಕು. ಅದಕ್ಕೇ ಬೆಳಗಿನ ಹಾಲು ತಪ್ಪುವಂತಿಲ್ಲ.

ಬರಗಿ ಕಾಲು ಹಿಡಿಯಲು ಬಗ್ಗಿದವಳು ಮರಿಯ ಮುಖ ನೋಡಿದಳು. ಎಡಗಿವಿಯ ಹಿಂದೆ ಬೆರಳಗಲದ ಬಿಳಿ ಮಚ್ಚೆ.

ಅದು ಸುರುಳಿಯ ಮರಿಯಲ್ಲ. ಕೆಂದಿಯ ಮರಿ.

ಅಜ್ಜಿ ತಪ್ಪಿದ್ದಾಳೆ ಎಂದು ಹೇಳುವುದು ಹೇಗೆ? ಐವತ್ತು ತಾಯಿ, ಐವತ್ತು ಮರಿ ಇದ್ದ ಕಾಲದಲ್ಲೂ ಯಾವ ಮರಿ ಯಾವ ತಾಯಿಯದು ಎಂದು ಅಜ್ಜಿ ಕೂಗು ಕೇಳಿಯೇ ಹೇಳುತ್ತಿದ್ದಳಂತೆ. ಮದಕರಿಪುರದ ಸುತ್ತ ಯಾರ ಮಂದೆಯಲ್ಲಿ ಮರಿಗಳು ಕಲೆತು ಹೋದರೂ ಅವಳಿಗೇ ಕರೆ ಬರುತ್ತಿತ್ತು. ಹೋಗಿ, ಸೆರಗು ಸಿಕ್ಕಿಸಿ, ಒಂದೊಂದನ್ನೇ ಎತ್ತಿ ಅದರದರ ತಾಯಿಯ ಮುಂದೆ ಇಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಬರುತ್ತಿದ್ದಳು.

"ಅಜ್ಜಿ, ಒಲೆ ಮೇಲೆ ಹಾಲಿಟ್ಟಿದ್ಯಾ? ಉಕ್ಕಿದ ವಾಸನೆ ಬರ್ತೈತೆ," ಎಂದಳು ಬರಗಿ.

ಅಜ್ಜಿ ಒಳಗೆ ಹೋದಳು. ಅವಳು ಬರುವಷ್ಟರಲ್ಲಿ ಬರಗಿ ಮಚ್ಚೆಮರಿಯನ್ನು ಕೆಂದಿಯ ಹತ್ತಿರ ಬಿಟ್ಟಿದ್ದಳು. ಸುರುಳಿಯ ಹೆಣ್ಣುಮರಿ ತಾಯಿಯ ಹೊಟ್ಟೆಯ ಕೆಳಗೆ ಬಾಲ ಅಲ್ಲಾಡಿಸುತ್ತಿತ್ತು.

"ನೋಡಿದ್ಯಾ, ಈಗ ಹೆಂಗೆ ನಿಂತಾಳೆ," ಎಂದಳು ಅಜ್ಜಿ, ಸುರುಳಿಯ ಬೆನ್ನು ತಟ್ಟುತ್ತಾ. ಹಾಲು ಉಕ್ಕಿತ್ತೋ ಇಲ್ಲವೋ, ಆ ಮಾತನ್ನು ಅವಳು ಎತ್ತಲೇ ಇಲ್ಲ.

ಅವತ್ತಿನಿಂದ ಬರಗಿ ಹದಿನೈದು ನಿಮಿಷ ಮುಂಚೆ ಏಳತೊಡಗಿದಳು. ಅಲಾರಂ ಬೇಕಾಗಲಿಲ್ಲ. ಮರಿಗಳು ಕೂಗಿದರೆ ಸಾಕು, ಎಚ್ಚರವಾಗುತ್ತಿತ್ತು. ಅಪ್ಪ ರಂಗಪ್ಪ ಆ ಹೊತ್ತಿಗೆ ಸೊಪ್ಪು ಕಡಿಯಲು ಹೋಗಿರುತ್ತಿದ್ದ. ಅಮ್ಮ ಗಂಗಕ್ಕನಿಗೆ ನೀರು, ಒಲೆ, ರೊಟ್ಟಿ. ರೊಪ್ಪದಲ್ಲಿ ಇರುತ್ತಿದ್ದವರು ಅಜ್ಜಿ, ಮೊಮ್ಮಗಳು ಇಬ್ಬರೇ. ಬರಗಿ ಗುಡಿಸುವವಳ ಹಾಗೆ ಅಜ್ಜಿಯ ಹಿಂದೆಯೇ ಸುತ್ತುತ್ತಿದ್ದಳು. ಅಜ್ಜಿ ಸರಿಯಾಗಿ ಇಟ್ಟರೆ ಸುಮ್ಮನಿರುತ್ತಿದ್ದಳು. ತಪ್ಪಿದರೆ ಏನೋ ಒಂದು ನೆಪ ಹೇಳಿ ಮರಿ ಬದಲಿಸುತ್ತಿದ್ದಳು. ಕೆಲವು ದಿನ ಎಲ್ಲವೂ ಸರಿ ಇರುತ್ತಿತ್ತು. ಆಗ ಬರಗಿಗೆ ಅನ್ನಿಸುತ್ತಿತ್ತು, ನನಗೇ ಭ್ರಮೆ, ಅಜ್ಜಿಗೆ ಏನೂ ಆಗಿಲ್ಲ ಎಂದು. ಮರುದಿನ ಅಜ್ಜಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಿದ್ದಳು.

"ಇವತ್ತು ಇಸ್ಕೂಲು ಐತಾ?"

"ಐತಜ್ಜಿ."

ಒಂದು ಮರಿ ಕುಡಿಯುವಷ್ಟರಲ್ಲಿ, "ಇವತ್ತು ಇಸ್ಕೂಲು ಐತಾ ನಿಂಗೆ?"

ಇದನ್ನು ಮನೆಯಲ್ಲಿ ಹೇಳಿಬಿಡಬಹುದಿತ್ತು. ಹೇಳದಿರಲು ಒಂದು ಕಾರಣವಿತ್ತು, ಆ ಕಾರಣದ ಹೆಸರು ದೊಡ್ಡತಿಮ್ಮಪ್ಪ. ಮೇಲುಬೀದಿಯ ಮುದುಕರು. ಎರಡು ವರ್ಷದ ಹಿಂದೆ ಅಂಗಿಯನ್ನು ತಿರುಗುಮುರುಗು ಹಾಕಿಕೊಂಡು ಬೀದಿಗೆ ಬರುತ್ತಿದ್ದರು. ತಮ್ಮ ಮನೆ ಎಲ್ಲಿ ಎಂದು ತಮ್ಮ ಮನೆಯ ಎದುರಿಗೇ ನಿಂತು ಕೇಳುತ್ತಿದ್ದರು. ಅರವತ್ತಕ್ಕೆ ಅರಳು ಮರಳು ಎಂದು ದೊಡ್ಡವರು ನಕ್ಕರೆ, ಹುಡುಗರು ಹಿಂದೆಯೇ ಹೋಗಿ "ತಿಮ್ಮಪ್ಪಜ್ಜ, ನಿಮ್ಮನಿ ದುರ್ಗದಾಗೆ ಐತೆ, ಬಸ್ಸಿಗೆ ಹೋಗು" ಎನ್ನುತ್ತಿದ್ದರು. ಆ ಹುಡುಗರ ಗುಂಪಿನಲ್ಲಿ ಬರಗಿಯೂ ಇದ್ದಳು. ಅವಳೂ ನಕ್ಕಿದ್ದಳು. ಈಗ ಅವರನ್ನು ಮನೆಯವರು ಹೊರಗೆ ಬಿಡುವುದೇ ಇಲ್ಲ. ಕಿಟಕಿಯಲ್ಲಿ ಅವರ ಕೈ ಮಾತ್ರ ಕಾಣಿಸುತ್ತದೆ.

ಅಜ್ಜಿಯನ್ನೂ ಹಾಗೆ ಒಳಗೆ ಕೂರಿಸಿದರೆ?

ರೊಪ್ಪವಿಲ್ಲದ ಅಜ್ಜಿಯನ್ನು ಬರಗಿಗೆ ಊಹಿಸಲೂ ಆಗಲಿಲ್ಲ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆ ಏಕಾಂತಕ್ಕ ಬಂದಳು. ಪೋಲಿಯೋ ಹನಿಗೂ ಅವಳೇ, ಬಿ.ಪಿ. ನೋಡುವುದಕ್ಕೂ ಅವಳೇ, ಹಾಗಾಗಿ ಊರಿಗೆಲ್ಲ ಪರಿಚಯ. ಈ ಸಲ ಅರವತ್ತು ದಾಟಿದವರ ನೆನಪಿನ ಶಕ್ತಿ ನೋಡಬೇಕಂತೆ, ಅದಕ್ಕೊಂದು ಫಾರಂ ಇದೆಯಂತೆ. ಅಂಗಳದಲ್ಲಿ ಚಾಪೆ ಹಾಸಿ ಕೂತರು. ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

ಏಕಾಂತಕ್ಕ ನಿಧಾನವಾಗಿ ಹೇಳಿದಳು, "ಅಜ್ಜಿ, ಮೂರು ಮಾತು ಹೇಳ್ತೀನಿ, ನೆನಪಿಟ್ಕ. ಬೆಲ್ಲ. ಬಾಗ್ಲು. ಕುದುರೆ. ಆಮೇಲೆ ಕೇಳ್ತೀನಿ."

ಅಜ್ಜಿ ಮೂರನ್ನೂ ತಿರುಗಿ ಹೇಳಿದಳು. ಆಮೇಲೆ ಬೇರೆ ಬೇರೆ ಪ್ರಶ್ನೆಗಳು. ಇವತ್ತು ಯಾವ ವಾರ ಎಂದು ಏಕಾಂತಕ್ಕ ಕೇಳಿದಾಗ ಅಜ್ಜಿ ಎಲೆಯಡಿಕೆಯ ಚೀಲ ಬಿಚ್ಚುತ್ತಾ ಹೇಳಿದಳು, "ಬುಧವಾರ ಆದ್ರೂ ಕುರಿ ಮೇಯ್ತವೆ, ಗುರುವಾರ ಆದ್ರೂ ಮೇಯ್ತವೆ. ಸಂಬಳ ತಗಳೋಳು ನೀನು, ವಾರ ನೀನು ಲೆಕ್ಕ ಇಟ್ಕ."

ಎಲ್ಲರೂ ನಕ್ಕರು. ಏಕಾಂತಕ್ಕನೂ ನಕ್ಕಳು. ಬರಗಿ ಮಾತ್ರ ನಗಲಿಲ್ಲ. ಅಜ್ಜಿಗೆ ವಾರ ಗೊತ್ತಿಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು.

"ಈಗ ಆ ಮೂರು ಮಾತು ಹೇಳಜ್ಜಿ."

"ಬೆಲ್ಲ," ಎಂದಳು ಅಜ್ಜಿ. ಆಮೇಲೆ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು.

ಬರಗಿ ಏಕಾಂತಕ್ಕನ ಬೆನ್ನ ಹಿಂದೆ ಇದ್ದಳು. ಮೆಲ್ಲಗೆ ಕೈ ಎತ್ತಿ ಬಾಗಿಲು ತೋರಿಸಿದಳು.

"ಬಾಗ್ಲು."

ಬರಗಿ ಲಗಾಮು ಹಿಡಿದವಳ ಹಾಗೆ ಕೈ ಮುಂದೆ ಮಾಡಿ ನಿಂತಲ್ಲೇ ಎರಡು ಸಲ ಕುಪ್ಪಳಿಸಿದಳು.

"ಕುದುರೆ," ಎಂದಳು ಅಜ್ಜಿ.

ಏಕಾಂತಕ್ಕ ಫಾರಮ್ಮಿನಲ್ಲಿ ಮೂರು ಟಿಕ್ ಹಾಕಿ, ಕಾಳಜ್ಜಿ ಗಟ್ಟಿ ಇದ್ದಾಳೆ ಎಂದು ಹೇಳಿ ಮುಂದಿನ ಮನೆಗೆ ಹೋದಳು. ಬರಗಿಗೆ ಗೆದ್ದಷ್ಟು ಖುಷಿಯಾಗಬೇಕಿತ್ತು. ಅವಳು ಅಜ್ಜಿಯ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಅಜ್ಜಿ ಮುಖ ಬೇರೆ ಕಡೆ ತಿರುಗಿಸಿ ಎದ್ದು ರೊಪ್ಪಕ್ಕೆ ಹೋದಳು.

ಆ ವಾರದ ಕೊನೆಗೆ ಶಾಲೆಯ ಖೋಖೋ ಟೀಮು ದುರ್ಗಕ್ಕೆ ಹೊರಟಿತು. ಎರಡು ದಿನದ ಪಂದ್ಯ. ಬೆಳಿಗ್ಗೆ ಆರಕ್ಕೇ ಟೆಂಪೋ ಬರುತ್ತಿತ್ತು. ಬರಗಿ ಹೋಗುವುದಿಲ್ಲ ಎಂದು ಹಟ ಮಾಡಿದಳು. ಕಾರಣ ಕೇಳಿದರೆ ಕಾಲು ನೋವು ಎಂದಳು. ಪಿ.ಟಿ. ಮೇಷ್ಟ್ರು ಜಂಬಣ್ಣ ಮನೆಗೇ ಬಂದು, ಇವಳಷ್ಟು ಚುರುಕಾಗಿ ಓಡುವವರು ಟೀಮಿನಲ್ಲೇ ಇಲ್ಲ ಎಂದು ಅಪ್ಪನಿಗೆ ಹೇಳಿದರು. ಅಪ್ಪನ ಮುಖ ಅರಳಿತು. ಅಜ್ಜಿಯೇ ಅವಳ ಜಡೆ ಹೆಣೆದು ಕಳಿಸಿದಳು.

ಮೊದಲ ದಿನ ಅವರು ಗೆದ್ದರು. ಎರಡನೇ ದಿನ ಸೋತರು. ಸಂಜೆ ಟೆಂಪೋ ಇಳಿದು ಬರಗಿ ಮನೆಗೆ ಹೋಗದೆ ನೇರ ರೊಪ್ಪಕ್ಕೆ ಓಡಿದಳು.

ಅಪ್ಪ ಗೂಡುಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಮುಂದೆ ಗೋಣಿಚೀಲದ ಮೇಲೆ ಒಂದು ಮರಿ ಮಲಗಿತ್ತು. ವಾರದ ಹಿಂದೆ ಹುಟ್ಟಿದ್ದು, ಕಂದು ಬಣ್ಣದ್ದು. ಕಾಲು ನಾಲ್ಕೂ ನೆಟ್ಟಗೆ ಚಾಚಿದ್ದವು. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಬೇಲಿಯ ಆಚೆ ಅದರ ತಾಯಿ ಒಂದೇ ಸಮ ಕೂಗುತ್ತಿತ್ತು. ಅದರ ಕೆಚ್ಚಲು ಬಿಗಿದು ಕಲ್ಲಿನಂತಾಗಿತ್ತು.

"ಯಾವ್ದೋ ಜಡ್ಡು ಬಂದೈತೆ," ಎಂದು ಅಪ್ಪ ಅಮ್ಮನಿಗೆ ಹೇಳುತ್ತಿದ್ದ. ನಾಳೆ ಬೆಳಿಗ್ಗೆಯೇ ಪಶು ಡಾಕ್ಟರನ್ನು ಕರೆಸಿ ಎಲ್ಲ ಮರಿಗಳಿಗೂ ಸೂಜಿ ಹಾಕಿಸಬೇಕು, ಇಲ್ಲದಿದ್ದರೆ ಒಂದರ ಹಿಂದೆ ಒಂದು ಹೋಗುತ್ತವೆ ಎಂದು ಅವನ ಭಯ.

ಅಜ್ಜಿ ಕಂಬಕ್ಕೆ ಒರಗಿ ನಿಂತಿದ್ದಳು. "ನಾನು ಕುಡಿಸಿದ್ನಲ್ಲೋ ರಂಗ. ಬೆಳಿಗ್ಗೆ ಕುಡಿಸಿದ್ದೆ. ನಿನ್ನೇನೂ ಕುಡಿಸಿದ್ದೆ," ಎಂದಳು. ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಅವಳಿಗೆ ನಿಜವಾಗಿಯೂ ಹಾಗೇ ಅನ್ನಿಸುತ್ತಿತ್ತು.

ಕಂದು ಮರಿಯ ಗೂಡು ಹಿಂದಿನ ಮೂಲೆಯಲ್ಲಿತ್ತು. ದಿನವೂ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಅದನ್ನು ಎತ್ತಿ ತಾಯಿಯ ಹತ್ತಿರ ತರುತ್ತಿದ್ದವಳು ಬರಗಿ.

ಅವಳು ಅಮ್ಮನ ಸೆರಗು ಹಿಡಿದು ನೀರಿನ ತೊಟ್ಟಿಯ ಕಡೆಗೆ ಎಳೆದುಕೊಂಡು ಹೋದಳು. ಅಲ್ಲಿ ಎಲ್ಲವನ್ನೂ ಹೇಳಿದಳು. ಸುರುಳಿ ಗುದ್ದಿದ್ದು, ತಾನು ಮರಿ ಬದಲಿಸಿದ್ದು, ಬಾಗಿಲು ತೋರಿಸಿದ್ದು, ಕುದುರೆಯ ಹಾಗೆ ಕುಣಿದದ್ದು. ಹೇಳುತ್ತಾ ಹೇಳುತ್ತಾ ಬಿಕ್ಕತೊಡಗಿದಳು. ಜಡ್ಡು ಬಂದಿಲ್ಲಮ್ಮ, ಹಾಲಿಲ್ಲದೆ ಸತ್ತದ್ದು, ನಾನು ಖೋಖೋಗೆ ಹೋಗಬಾರದಿತ್ತು ಎಂದಳು.

ಅಮ್ಮ ಬೈಯಲಿಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಕೂತು ಮಗಳ ಮುಖ ತೊಳೆದಳು. ಸೆರಗಿನಿಂದ ಒರೆಸುತ್ತಾ, "ನಾನೂ ಸಾರಿಗೆ ಉಪ್ಪು ಹಾಕೋದು ಬಿಟ್ಟು ಒಂದು ತಿಂಗ್ಳಾತು," ಎಂದಳು.

ಬರಗಿಗೆ ಅರ್ಥವಾಗಲಿಲ್ಲ.

"ನಿಮ್ಮಜ್ಜಿ ಹಾಕ್ತಾಳೆ. ಮತ್ತೆ ಬಂದು ಹಾಕ್ತಾಳೆ. ಯಾಕೆ ಅಂತ ಕೇಳಕ್ಕೆ ನಂಗೂ ಬಾಯಿ ಬರ್ಲಿಲ್ಲ."

ಊಟದ ಹೊತ್ತಿಗೆ ಅಪ್ಪನಿಗೂ ವಿಷಯ ಗೊತ್ತಾಯಿತು. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. ವಯಸ್ಸಾದ ಮೇಲೆ ಎಲ್ಲರಿಗೂ ಮರೆವು ಬರುತ್ತದೆ, ಇದೇನು ದೊಡ್ಡದಲ್ಲ ಎಂದು ಮೊದಲು ಹೇಳಿದ. ಆಮೇಲೆ ತಗ್ಗಿದ ದನಿಯಲ್ಲಿ ಇನ್ನೊಂದು ಸಂಗತಿ ಹೇಳಿದ. ದೀಪಾವಳಿಯ ಮುಂಚೆ ಒಂದು ದಿನ ಅಜ್ಜಿ ಕೆರೆ ಏರಿಯ ಮೇಲೆ, ಮನೆಗೆ ಬೆನ್ನು ಹಾಕಿ ನಡೆಯುತ್ತಿದ್ದಳಂತೆ. ಎಲ್ಲಿಗೆ ಎಂದು ಕೇಳಿದರೆ ಮನೆಗೆ ಎಂದಳಂತೆ. ಅವನು ಯಾರಿಗೂ ಹೇಳದೆ ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದ.

ಅಜ್ಜಿ ಹೊರಗೆ ಜಗುಲಿಯಲ್ಲಿದ್ದಳು. ಅವಳಿಗೆ ಕೇಳಿಸದಂತೆ ಮೂವರೂ ಪಿಸುಗುಟ್ಟುತ್ತಿದ್ದರು.

ಮರುದಿನ ಅಮ್ಮ ಹೇಳಿಕಳಿಸಿದ್ದಕ್ಕೆ ಏಕಾಂತಕ್ಕ ಮತ್ತೆ ಬಂದಳು. ಬರಗಿ ಅವಳ ಮುಂದೆ ನಿಂತು ಕುದುರೆಯ ವಿಷಯ ಒಪ್ಪಿಕೊಂಡಳು. ಏಕಾಂತಕ್ಕ ಕೋಪ ಮಾಡಿಕೊಳ್ಳಲಿಲ್ಲ. ಹಳೆಯ ಫಾರಮ್ಮಿನ ಮೇಲೆ ಅಡ್ಡಗೆರೆ ಎಳೆದಳು.

"ಕನ್ನಡ್ಕ ಎಲ್ಲಿಟ್ಟೆ ಅಂತ ಮರೆಯೋದು ಬೇರೆ ರಂಗಣ್ಣ, ಅದು ನಂಗೂ ಐತೆ," ಎಂದಳು ಅಪ್ಪನಿಗೆ. "ಜೀವಮಾನ ಮಾಡಿದ ಕೆಲ್ಸಾನೇ ಕೈ ತಪ್ತಾ ಬಂದ್ರೆ ತೋರಿಸ್ಲೇಬೇಕು. ಒಂದೊಂದು ಸಲ ಥೈರಾಯ್ಡು, ವಿಟಮಿನ್ನು ಕಮ್ಮಿ ಆದ್ರೂ ಹಿಂಗಾಗ್ತೈತೆ, ಅದಕ್ಕೆ ಮಾತ್ರೆ ಐತೆ. ಬೇರೆ ಏನಾದ್ರೂ ಇದ್ರೂ ಬೇಗ ಗೊತ್ತಾದಷ್ಟೂ ಒಳ್ಳೇದು."

ಸೋಮವಾರ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಹೊರಡುವಾಗ ಏಕಾಂತಕ್ಕ ಒಂದು ಮಾತು ಹೇಳಿದಳು. ಡಾಕ್ಟರು ಮೊದಲು ಕೇಳುವುದು ಇದು ಯಾವಾಗ ಶುರುವಾಯಿತು ಎಂದು. ಸರಿಯಾಗಿ ನೆನಪು ಮಾಡಿಕೊಂಡು ಬರೆದಿಟ್ಟುಕೊಳ್ಳಿ.

ಅದೇ ದೊಡ್ಡ ಜಗಳವಾಯಿತು. ಅಮ್ಮ ಒಂದು ತಿಂಗಳು ಎಂದಳು. ಅಪ್ಪ ದೀಪಾವಳಿ ಎಂದ. ಬರಗಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಸುರುಳಿ ಗುದ್ದಿದ ದಿನವನ್ನು ಲೆಕ್ಕ ಹಾಕಿದಳು. ಇಪ್ಪತ್ತಾರು ದಿನ. ಮೂವರದು ಮೂರು ಲೆಕ್ಕ. ಅಪ್ಪ ಕೊನೆಗೆ, ಡಾಕ್ಟರಿಗೆ ದೀಪಾವಳಿ ಎಂದೇ ಹೇಳೋಣ ಎಂದು ಮಾತು ಮುಗಿಸಿದ.

ಭಾನುವಾರ ಕುರಿಗಳ ಉಣ್ಣೆ ಕತ್ತರಿಸುವ ದಿನ. ಆರು ತಿಂಗಳಿಗೊಮ್ಮೆ ಬರುವ ಕೆಲಸ. ಮೊದಲೇ ಹೇಳಿಟ್ಟಿದ್ದರಿಂದ ಬೋರಪ್ಪ ಬೆಳಿಗ್ಗೆಯೇ ಬಂದ. ಕೈಯಲ್ಲಿ ಮೊಳದುದ್ದದ ಕತ್ತರಿ. ಕುರಿಯನ್ನು ಮಲಗಿಸಿ, ಕಾಲು ಕಟ್ಟಿ, ಕತ್ತಿನಿಂದ ಶುರುಮಾಡಿದರೆ ಉಣ್ಣೆ ಕಂಬಳಿಯ ಹಾಗೆ ಒಂದೇ ತುಂಡಾಗಿ ಮಗುಚಿಕೊಳ್ಳುತ್ತಿತ್ತು. ಅಜ್ಜಿ ಬೇವಿನ ಮರದ ನೆರಳಲ್ಲಿ ಕೂತು ಕರಿ ಉಣ್ಣೆ, ಬಿಳಿ ಉಣ್ಣೆ ಬೇರೆ ಮಾಡುತ್ತಿದ್ದಳು. ಆ ಕೆಲಸದಲ್ಲಿ ಅವಳ ಕೈ ಒಮ್ಮೆಯೂ ತಪ್ಪಲಿಲ್ಲ.

ಮೊದಲಿನದು ಟಗರು. ಎರಡನೇ ಕುರಿ ಕೆಂದಿ. ಬೋರಪ್ಪನ ಕತ್ತರಿ ಎದೆಯ ಹತ್ತಿರ ಕಚ್ಚಿಕೊಂಡಿತು.

"ಏನಪ್ಪ ಇದು, ದಾರ ಕಟ್ಟೀರಿ?" ಎಂದ ಅವನು. ಉಣ್ಣೆಯನ್ನು ಬೆರಳಲ್ಲಿ ಬಿಡಿಸಿ ತೋರಿಸಿದ. ಹಸಿರು ಬಟ್ಟೆಯ ಸಣ್ಣ ಚೂರು. ಅದರಲ್ಲಿ ಎರಡು ಗಂಟು.

ಯಾರೋ ಹುಡುಗರು ಆಟಕ್ಕೆ ಕಟ್ಟಿರಬೇಕು ಎಂದ ಅಪ್ಪ. ಸುರುಳಿಯ ಸರದಿ ಬಂದಾಗ ಅದರ ಎದೆಯ ಉಣ್ಣೆಯಲ್ಲೂ ಹಸಿರು ಚೂರು ಸಿಕ್ಕಿತು. ಅದರಲ್ಲಿ ಮೂರು ಗಂಟು. ಅದರ ನಂತರದ ಕುರಿಗೆ ನಾಲ್ಕು.

"ಇದು ಇತ್ತೀಚೆಗೆ ಕಟ್ಟಿದ್ದಲ್ಲ ರಂಗಪ್ಪ," ಎಂದ ಬೋರಪ್ಪ. ಉಣ್ಣೆಯ ಎಳೆಯನ್ನು ಬಿಸಿಲಿಗೆ ಹಿಡಿದ. "ಉಣ್ಣೆ ಬೆಳೆಯೋದು ಬುಡದಿಂದ. ಈ ಗಂಟು ನೋಡು, ತುದಿಗೆ ಬಂದೈತೆ. ಅಂದ್ರೆ ಉಣ್ಣೆ ಗಿಡ್ಡ ಇದ್ದಾಗ ಕಟ್ಟಿದ್ದು. ಹೋದ ಸಲ ನಾನು ಕತ್ತರ್ಸಿ ಹೋದ ಮ್ಯಾಲೆ ಒಂದೆರಡು ವಾರದಾಗೇ ಕಟ್ಟಿರ್ಬೇಕು. ಆರು ತಿಂಗ್ಳಾತು."

ಬರಗಿ ಬಗ್ಗಿ ಆ ಚೂರನ್ನು ಎತ್ತಿಕೊಂಡಳು. ಹಸಿರಿನ ಅಂಚಿನಲ್ಲಿ ಸಣ್ಣ ಹಳದಿ ಗೆರೆ. ಅಜ್ಜಿಯ ಹಳೆಯ ಸೀರೆಯ ಸೆರಗು ಅದು.

ಬರಗಿ ಮರಿಗೂಡಿನ ಕಡೆಗೆ ನಡೆದಳು. ಮಚ್ಚೆಮರಿಯನ್ನು ಎತ್ತಿ ಕತ್ತಿನ ಕೆಳಗೆ ಬೆರಳಾಡಿಸಿದಳು. ಅಲ್ಲಿಯೂ ಇತ್ತು. ಎರಡು ಗಂಟು. ಕೆಂದಿಯದೂ ಎರಡು, ಕೆಂದಿಯ ಮರಿಯದೂ ಎರಡು. ಸುರುಳಿಯ ಮರಿಗೆ ಮೂರು. ತಾಯಿಗೆಷ್ಟೋ ಮರಿಗೂ ಅಷ್ಟೇ. ಇಷ್ಟು ದಿನ ಬರಗಿ ಆ ಮರಿಗಳನ್ನು ಎತ್ತಿದ್ದಳು, ಇಳಿಸಿದ್ದಳು. ಉಣ್ಣೆಯೊಳಗೆ ಕೈ ಹಾಕಿ ನೋಡಿರಲಿಲ್ಲ.

ಕೂಗು ಕೇಳಿಯೇ ಮರಿ ಗುರುತು ಹಿಡಿಯುತ್ತಿದ್ದ ಅಜ್ಜಿಗೆ ಗಂಟು ಬೇಕಾಗಿತ್ತು. ಯಾರಿಗೂ ಕಾಣದ ಹಾಗೆ, ಉಣ್ಣೆಯ ಒಳಗೆ, ಒಬ್ಬಳೇ ಕೂತು ಕಟ್ಟಿದ್ದಳು. ಮರಿ ಹುಟ್ಟಿದ ಹಾಗೆಲ್ಲ ತಾಯಿಯ ಗಂಟು ಎಣಿಸಿ ಮರಿಗೂ ಕಟ್ಟುತ್ತಾ ಬಂದಿದ್ದಳು. ಕೊನೆಗೆ ಒಂದು ದಿನ, ಗಂಟು ಕಟ್ಟಿದ್ದೇನೆ ಎಂಬುದನ್ನೇ ಮರೆತಿದ್ದಳು.

ಸತ್ತುಹೋದ ಕಂದು ಮರಿಗೂ ಇತ್ತೋ ಇಲ್ಲವೋ, ಅದನ್ನು ಹೂತಾಗಿತ್ತು, ಈಗ ನೋಡುವಂತಿರಲಿಲ್ಲ.

ಬರಗಿ ಬೇವಿನ ಮರದ ಕಡೆ ತಿರುಗಿದಳು. ಅಜ್ಜಿಯ ಕೈ ಉಣ್ಣೆಯ ಮೇಲೆ ನಿಂತುಬಿಟ್ಟಿತ್ತು. ಅವಳು ಬೋರಪ್ಪನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ಅಪ್ಪ ಅವಳ ಕಡೆ ನೋಡದೆ ಇನ್ನೊಂದು ಕುರಿ ಹಿಡಿಯಲು ಹೋದ. ಅಮ್ಮ ಎಲ್ಲರಿಗೂ ಮಜ್ಜಿಗೆ ತರುತ್ತೇನೆಂದು ಒಳಗೆ ಹೋದಳು.

ಬರಗಿಗೆ ನೋಟ್‌ಬುಕ್ಕಿನ ಹಾಳೆ ನೆನಪಾಯಿತು. ಅಪ್ಪನ ಲೆಕ್ಕ, ಅಮ್ಮನ ಲೆಕ್ಕ, ತನ್ನ ಲೆಕ್ಕ. ಎಲ್ಲರನ್ನೂ ಕೇಳಿದ್ದಾಗಿತ್ತು. ಜಗುಲಿಯಲ್ಲಿ ಕೂತಿದ್ದವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ತಾನು ಅಜ್ಜಿಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ ಆ ಇಪ್ಪತ್ತಾರು ದಿನಗಳಿಗೂ ಎಷ್ಟೋ ಮುಂಚೆ, ಮನೆಯವರೆಲ್ಲ ಮಾಮೂಲಿನಂತೆ ಉಂಡು, ಮಲಗಿ, ನಗುತ್ತಿದ್ದ ದಿನಗಳಲ್ಲಿ, ಅಜ್ಜಿ ಒಬ್ಬಳೇ ಹೆದರಿದ್ದಳು.

ಅವಳು ಹೋಗಿ ಅಜ್ಜಿಯ ಪಕ್ಕದಲ್ಲಿ, ಉಣ್ಣೆಯ ರಾಶಿಗೆ ಒರಗಿ ಕೂತಳು. ಕರಿ ಉಣ್ಣೆಯ ಒಂದು ಹಿಡಿ ಎತ್ತಿ ಕರಿ ಗುಂಪಿಗೆ ಹಾಕಿದಳು. ಅಜ್ಜಿ ಬಿಳಿಯದನ್ನು ಬಿಳಿಯ ಕಡೆ ಹಾಕಿದಳು. ಆಚೆ ಬೋರಪ್ಪನ ಕತ್ತರಿಯ ಸದ್ದು ನಡೆದೇ ಇತ್ತು.

ಬರಗಿ ಈ ಸಲ ಯಾವ ನೆಪವನ್ನೂ ಹುಡುಕಲಿಲ್ಲ. ಅಜ್ಜಿಯ ಒರಟು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಜ್ಜಿ, ನಿಂಗೆ ಯಾವಾಗ ಗೊತ್ತಾತು?"